ಹಾಡುಗಳ ಹೋಲಿಕೆ: ಕೃತಿಚೌರ್ಯವೇ, ಪ್ರಭಾವವೇ, ಕಾಕತಾಳೀಯವೇ?

ವಾಣಿಜ್ಯ ಮಾಸಪತ್ರಿಕೆಯಲ್ಲಿ ರಾಕ್ ಸಂಗೀತದ ಚರ್ಚೆಗೆ ಏನು ಸ್ಥಾನವೆಂದು ಓದುಗರಲ್ಲಿ ಕೆಲವರಿಗೆ ಅನ್ನಿಸಬಹುದು. ತೊಗರಿ ಬೇಳೆ, ಶಹಾಬಾದ ಕಲ್ಲು, ಜವಳಿ, ಯಂತ್ರದ ಬಿಡಿಭಾಗಗಳ ವಹಿವಾಟಿನಲ್ಲಿ ತೊಡಗಿರುವ ನಮ್ಮ ಸದಸ್ಯರಿಗೆ ತೆರಿಗೆ, ಬ್ಯಾಂಕ್ ಸಾಲ, ಸಾಗಾಣಿಕೆ ದರಗಳೇ ನಿತ್ಯದ ಚಿಂತೆ. ಆದರೆ ಹಾಡು ಇಂದು ಕೇವಲ ಮನರಂಜನೆಯ ವಸ್ತುವಾಗಿ ಉಳಿದಿಲ್ಲ. ಅದು ಮಾರಾಟವಾಗುವ, ಪರವಾನಗಿಯ ಮೇಲೆ ಹೋಗುವ, ವಾರಸುದಾರರಿಗೆ ಸಲ್ಲುವ ಸ್ವತ್ತು. ಐವಾನ್-ಎ-ಶಾಹಿ ಪ್ರದೇಶದ ಮಳಿಗೆಯಿಂದ ಹಿಡಿದು ಕಮಲಾಪುರದ ಸಣ್ಣ ಘಟಕದವರೆಗೆ, ಜಾಹೀರಾತಿಗಾಗಿ ಇಪ್ಪತ್ತು ಮೂವತ್ತು ಸೆಕೆಂಡುಗಳ ಹಾಡೊಂದನ್ನು ಮಾಡಿಸಿ ಆಟೋರಿಕ್ಷಾದ ಧ್ವನಿವರ್ಧಕದಲ್ಲೋ ರೇಡಿಯೋದಲ್ಲೋ ಮೊಬೈಲಿನ ವಿಡಿಯೋದಲ್ಲೋ ಬಿತ್ತರಿಸುವ ಅವಕಾಶ ಇಂದು ಎಲ್ಲರಿಗೂ ಇದೆ. ಆ ಹಾಡು ಮತ್ತಾವುದೋ ಜನಪ್ರಿಯ ಹಾಡಿನಂತೆ ಕೇಳಿಸಿದರೆ, ಅದನ್ನು ಕಟ್ಟಿದವನ ಜೊತೆಗೆ ಕಟ್ಟಿಸಿದವನೂ ಉತ್ತರ ಕೊಡಬೇಕಾಗುತ್ತದೆ.

ಹೋಲಿಕೆಯ ದೂರು ಬಂದಾಗಲೆಲ್ಲ ಮೂರು ಮಾತುಗಳು ಕೇಳಿಬರುತ್ತವೆ. ದೂರುದಾರನು ಅದನ್ನು ಕೃತಿಚೌರ್ಯವೆನ್ನುತ್ತಾನೆ, ಸಂಗೀತಗಾರನು ಪ್ರಭಾವವೆನ್ನುತ್ತಾನೆ, ಆತನ ವಕೀಲರು ಕಾಕತಾಳೀಯವೆನ್ನುತ್ತಾರೆ. ಈ ಮೂರರ ನಡುವಣ ಗೆರೆಯನ್ನು ಕೇವಲ ಕಿವಿಯಿಂದ ಎಳೆಯಲಾಗದು. ಮನಸ್ಸಿನ ಪ್ರಾಮಾಣಿಕತೆಯೂ ಅದಕ್ಕೆ ಸಾಲದು. ಹೋಲುವ ಭಾಗ ಯಾರ ಸ್ವತ್ತು? ಅದು ಎರಡನೆಯವನ ಕಿವಿಗೆ ಬಿದ್ದಿರುವ ಸಂಭವವಿತ್ತೇ? ತೆಗೆದುಕೊಂಡದ್ದು ಎಷ್ಟು ಮತ್ತು ಎಂಥದು? ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ ದಾಖಲೆಗಳ ಮೂಲಕ ಉತ್ತರ ಪಡೆದಾಗ ಮಾತ್ರ ಗೆರೆ ಸ್ಪಷ್ಟವಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಕೆಲವು ಪ್ರಸಿದ್ಧ ಪ್ರಕರಣಗಳ ಮೂಲಕ ಇದನ್ನು ವಿವರಿಸಲು ಪ್ರಯತ್ನಿಸಲಾಗಿದೆ.

ನಮ್ಮ ನಾಡಿನ ಪ್ರಕರಣ

2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ ಚಿತ್ರದ ಯಶಸ್ಸು ಸರ್ವವಿದಿತ. ರಿಷಬ್ ಶೆಟ್ಟಿ ಅವರ ನಿರ್ದೇಶನ, ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯ ನಿರ್ಮಾಣ, ಬಿ. ಅಜನೀಶ್ ಲೋಕನಾಥ್ ಅವರ ಸಂಗೀತ. ಆ ಚಿತ್ರದ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆಂದು ಕೇರಳದ ರಾಕ್ ತಂಡವಾದ ತೈಕ್ಕುಡಂ ಬ್ರಿಡ್ಜ್ ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಬಹಿರಂಗವಾಗಿ ಆಕ್ಷೇಪಿಸಿತು. ಪ್ರೇರಣೆ ಪಡೆಯುವುದು ಬೇರೆ, ಕೃತಿಚೌರ್ಯ ಬೇರೆ, ಇಲ್ಲಿ ನಡೆದಿರುವುದು ಎರಡನೆಯದು ಎಂಬುದು ತಂಡದ ನಿಲುವಾಗಿತ್ತು. ಎರಡೂ ಹಾಡುಗಳ ರಾಗದ ನೆಲೆ ಸಮಾನವಾಗಿರುವುದರಿಂದ ಹಾಗೆ ಕೇಳಿಸುತ್ತದೆ, ಸಂಯೋಜನೆ ಮಾತ್ರ ಸ್ವಂತದ್ದು ಎಂಬುದು ಚಿತ್ರದ ಕಡೆಯವರ ಸಮಾಧಾನವಾಗಿತ್ತು.

ವಾದ ಯಾರದು ಸರಿ ಎಂಬುದಕ್ಕಿಂತ, ವ್ಯಾಪಾರದ ದೃಷ್ಟಿಯಿಂದ ಮುಂದೆ ನಡೆದ ಘಟನೆಗಳು ಗಮನಾರ್ಹವಾಗಿವೆ. ಅಕ್ಟೋಬರ್ 28ರಂದು ಕೋಳಿಕ್ಕೋಡಿನ ನ್ಯಾಯಾಲಯ ಹಾಡಿನ ಬಳಕೆಗೆ ತಡೆಯಾಜ್ಞೆ ನೀಡಿತು. ಹಾಡಿನ ಹಕ್ಕು ಹೊಂದಿದ್ದ ಮಾತೃಭೂಮಿ ಸಂಸ್ಥೆಯ ದಾವೆಯಲ್ಲಿ ಪಾಲಕ್ಕಾಡಿನಿಂದಲೂ ತಡೆಯಾಜ್ಞೆ ಬಂದಿತು. ನವೆಂಬರ್ 24ರಂದು ಚಿತ್ರ ಅಮೆಜಾನ್ ಪ್ರೈಮ್ ವೇದಿಕೆಗೆ ಬಂದಾಗ ಆ ಹಾಡು ಬೇರೆ ಧಾಟಿಯಲ್ಲಿತ್ತು. ಅದೇ ತಿಂಗಳ ಕೊನೆಯಲ್ಲಿ ಕೋಳಿಕ್ಕೋಡಿನ ನ್ಯಾಯಾಲಯವು ತನಗೆ ವ್ಯಾಪ್ತಿ ಇಲ್ಲವೆಂದು ದಾವೆಯನ್ನು ಹಿಂದಿರುಗಿಸಿತು. ಇಷ್ಟರಲ್ಲಿ ಕ್ರಿಮಿನಲ್ ಪ್ರಕರಣವೂ ದಾಖಲಾಗಿತ್ತು. 2023ರ ಫೆಬ್ರವರಿಯಲ್ಲಿ ನಿರ್ಮಾಪಕ ಹಾಗೂ ನಿರ್ದೇಶಕರಿಗೆ ನಿರೀಕ್ಷಣಾ ಜಾಮೀನು ನೀಡುವಾಗ ಕೇರಳ ಹೈಕೋರ್ಟು, ಸಿವಿಲ್ ನ್ಯಾಯಾಲಯದ ಆದೇಶವಾಗುವವರೆಗೆ ಆ ಹಾಡಿನೊಂದಿಗೆ ಚಿತ್ರವನ್ನು ಪ್ರದರ್ಶಿಸಕೂಡದೆಂಬ ಷರತ್ತನ್ನು ವಿಧಿಸಿತು. ಫೆಬ್ರವರಿ 10ರಂದು ಸುಪ್ರೀಂ ಕೋರ್ಟು ಆ ಷರತ್ತಿಗೆ ತಡೆ ನೀಡಿತು. ಜಾಮೀನಿನ ಅರ್ಜಿಯನ್ನು ಹಕ್ಕುಸ್ವಾಮ್ಯ ರಕ್ಷಿಸುವ ಸಾಧನವಾಗಿ ಬಳಸಲಾಗದೆಂಬುದು ಅದರ ತಾತ್ಪರ್ಯ.

ಇಲ್ಲಿ ಪರಿಗಣಿಸಬೇಕಾದ ಅಂಶ ಒಂದಿದೆ. ಈ ಯಾವ ಹಂತದಲ್ಲಿಯೂ ಹೋಲಿಕೆ ಕೃತಿಚೌರ್ಯವೇ ಅಲ್ಲವೇ ಎಂಬುದರ ಅಂತಿಮ ನಿರ್ಣಯವಾಗಿರಲಿಲ್ಲ. ನಿರ್ಣಯಕ್ಕೆ ಮೊದಲೇ ಸರಕು ಮಾರುಕಟ್ಟೆಯಲ್ಲಿ ನಿಂತಿತು, ಬದಲಿ ಸರಕು ಸಿದ್ಧಪಡಿಸಬೇಕಾಯಿತು, ಹೊರರಾಜ್ಯದ ನ್ಯಾಯಾಲಯಗಳಿಗೆ ಅಲೆಯಬೇಕಾಯಿತು. ನಮ್ಮಲ್ಲಿ ಇದೇ ಮೊದಲ ವ್ಯಾಜ್ಯವೂ ಆಗಿರಲಿಲ್ಲ. 2016ರ ‘ಕಿರಿಕ್ ಪಾರ್ಟಿ’ ಚಿತ್ರದ ಹಾಡೊಂದರಲ್ಲಿ 1991ರ ‘ಶಾಂತಿ ಕ್ರಾಂತಿ’ ಚಿತ್ರದ ಹಾಡಿನ ಸಂಗೀತ ಬಳಕೆಯಾಗಿದೆಯೆಂದು ಲಹರಿ ಸಂಸ್ಥೆ ನ್ಯಾಯಾಲಯದ ಮೊರೆ ಹೊಕ್ಕಿತ್ತು.

ಮೊದಲ ಪ್ರಶ್ನೆ: ಹೋಲುವ ಭಾಗ ಯಾರ ಸ್ವತ್ತು?

ತೊಗರಿ ಯಾರ ಏಕಸ್ವಾಮ್ಯವೂ ಅಲ್ಲ. ಒಂದೇ ಮಾರುಕಟ್ಟೆ ಪ್ರಾಂಗಣದ ಒಂದೇ ತಳಿಯ ತೊಗರಿಯಿಂದ ಹತ್ತು ಗಿರಣಿಗಳವರು ಬೇಳೆ ಮಾಡಿದರೆ ಬೇಳೆ ಒಂದೇ ತೆರನಾಗಿ ಕಾಣುವುದು ಸಹಜ. ಆದರೆ ಚೀಲದ ಮೇಲಿನ ಹೆಸರು, ಚಿತ್ರ, ಬಣ್ಣಗಳ ಜೋಡಣೆ ಆಯಾ ಗಿರಣಿಯವರ ಸ್ವತ್ತು. ಸಂಗೀತದಲ್ಲಿಯೂ ಹೀಗೆಯೇ. ಸ್ವರಗಳು, ರಾಗ, ತಾಳ, ಪಾಶ್ಚಾತ್ಯರ ಸ್ವರಮೇಳಗಳ ಸಾಮಾನ್ಯ ಕ್ರಮ, ಬ್ಲೂಸ್ ಪದ್ಧತಿಯ ಹನ್ನೆರಡು ಆವರ್ತಗಳ ಚೌಕಟ್ಟು ಇವೆಲ್ಲ ಸರ್ವರ ಬಂಡವಾಳ. ಅವುಗಳಿಂದ ಒಬ್ಬನು ಕಟ್ಟಿದ ನಿರ್ದಿಷ್ಟ ರಚನೆ ಮಾತ್ರ ಅವನದು. ರಾಕ್ ಸಂಗೀತವು ಬ್ಲೂಸ್ ಮೊದಲಾದ ಹಳೆಯ ಪದ್ಧತಿಗಳ ಮೇಲೆಯೇ ಬೆಳೆದದ್ದರಿಂದ ಅಲ್ಲಿ ಹೋಲಿಕೆಗಳು ಹೆಚ್ಚು. ಹೋಲಿಕೆ ಇದ್ದ ಮಾತ್ರಕ್ಕೆ ಕಳವು ಎಂದಾಗದು.

ಲೆಡ್ ಜೆಪ್ಲಿನ್ ಎಂಬ ಬ್ರಿಟಿಷ್ ತಂಡದ ‘ಸ್ಟೇರ್‌ವೇ ಟು ಹೆವನ್’ 1971ರ ಹಾಡು. ಅದರ ಆರಂಭದ ಗಿಟಾರ್ ವಾದನ, ಸ್ಪಿರಿಟ್ ಎಂಬ ಅಮೆರಿಕದ ತಂಡದ 1968ರ ‘ಟಾರಸ್’ ಎಂಬ ವಾದ್ಯಕೃತಿಯನ್ನು ಹೋಲುತ್ತದೆಂದು 2014ರಲ್ಲಿ ದಾವೆ ಹೂಡಲಾಯಿತು. 2016ರಲ್ಲಿ ಪಂಚರ ಮಂಡಳಿಯು ಎರಡು ಸಂಗತಿಗಳನ್ನು ಹೇಳಿತು: ಪ್ರತಿವಾದಿಗಳಿಗೆ ಆ ಕೃತಿ ಲಭ್ಯವಾಗಿತ್ತು ಎಂಬುದು ನಿಜ, ಆದರೆ ರಕ್ಷಣೆಗೆ ಅರ್ಹವಾದ ಅಂಶಗಳಲ್ಲಿ ಗಣನೀಯ ಸಾಮ್ಯವಿಲ್ಲ. ಮೆಟ್ಟಿಲಿನಂತೆ ಕೆಳಗಿಳಿಯುವ ಆ ಸ್ವರಪಂಕ್ತಿ ಶತಮಾನಗಳಿಂದ ಬಳಕೆಯಲ್ಲಿರುವ ಸಾಮಾನ್ಯ ಸೊತ್ತೆಂಬುದು ಪ್ರತಿವಾದಿಗಳ ವಾದವಾಗಿತ್ತು. 2020ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ನಿರ್ಣಯವನ್ನು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಸ್ತಕ್ಷೇಪಕ್ಕೆ ನಿರಾಕರಿಸಿತು. ಇದೇ ರೀತಿ, ಎಡ್ ಶೀರನ್ ಅವರ 2014ರ ಹಾಡೊಂದು 1973ರ ‘ಲೆಟ್ಸ್ ಗೆಟ್ ಇಟ್ ಆನ್’ ಹಾಡಿನ ನಕಲು ಎಂಬ ಆರೋಪವನ್ನು 2023ರ ಮೇ 4ರಂದು ನ್ಯೂಯಾರ್ಕಿನ ಪಂಚರು ತಳ್ಳಿಹಾಕಿದರು. ನಾಲ್ಕು ಸ್ವರಮೇಳಗಳ ಆ ಕ್ರಮ ಅಸಂಖ್ಯ ಹಾಡುಗಳಲ್ಲಿ ಉಂಟೆಂದು ಗಾಯಕರು ಗಿಟಾರ್ ನುಡಿಸಿ ತೋರಿಸಿದ್ದರು.

ರಾಗಸಂಗೀತದ ನಮ್ಮ ದೇಶದಲ್ಲಿ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರದ ‘ವೀರ ರಾಜ ವೀರ’ ಹಾಡು ಡಾಗರ್ ಸಹೋದರರ ‘ಶಿವ ಸ್ತುತಿ’ಯಿಂದ ಬಂದದ್ದೆಂಬ ದಾವೆಯಲ್ಲಿ, ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಏಪ್ರಿಲ್ 25ರಂದು ಎ.ಆರ್. ರೆಹಮಾನ್ ಮತ್ತು ನಿರ್ಮಾಪಕರಿಗೆ 2 ಕೋಟಿ ರೂ. ಠೇವಣಿ ಇಡಲು ಆದೇಶಿಸಿತು. ಅದೇ ವರ್ಷದ ಸೆಪ್ಟೆಂಬರ್ 24ರಂದು ವಿಭಾಗೀಯ ಪೀಠ ಆ ಆದೇಶವನ್ನು ರದ್ದುಗೊಳಿಸಿತು. ಹಾಡಿದವರೇ ಕಟ್ಟಿದವರೆಂದು ಮೇಲ್ನೋಟಕ್ಕೆ ಸ್ಥಾಪಿತವಾಗಿಲ್ಲವೆಂಬುದು ಅದರ ಪ್ರಮುಖ ಕಾರಣ. ಪರಂಪರೆಯಿಂದ ಬಂದದ್ದನ್ನು ಅಮೋಘವಾಗಿ ಹಾಡುವುದು ಒಂದು; ಅದರ ಕರ್ತೃತ್ವವನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸುವುದು ಮತ್ತೊಂದು.

ನಮ್ಮ ಭಾಗದ ಉದಾಹರಣೆ ಬೇಕಿದ್ದರೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ತೆಗೆದುಕೊಳ್ಳಬಹುದು. ಆ ಪದಗಳನ್ನು ಯಾರಾದರೂ ಹಾಡಬಹುದು, ಜಾಹೀರಾತಿಗೂ ಅಳವಡಿಸಿಕೊಳ್ಳಬಹುದು. ಅದು ಔಚಿತ್ಯದ ಪ್ರಶ್ನೆಯೇ ಹೊರತು ಹಕ್ಕುಸ್ವಾಮ್ಯದ್ದಲ್ಲ. ಆದರೆ ಈ ಕಾಲದ ಸಂಗೀತ ನಿರ್ದೇಶಕರೊಬ್ಬರು ಅದೇ ಪದಕ್ಕೆ ಹೊಸದಾಗಿ ಕೂಡಿಸಿದ ಧಾಟಿ ಅವರದು. ಕಂಪನಿಯೊಂದು ಹೊರತಂದ ಧ್ವನಿಮುದ್ರಣ ಆ ಕಂಪನಿಯದು. ಪದ ಸಾರ್ವಜನಿಕವೆಂಬ ನಂಬಿಕೆಯಿಂದ ಮುದ್ರಿಕೆಯನ್ನೇ ಎತ್ತಿಕೊಂಡರೆ ಅದು ಉಲ್ಲಂಘನೆ.

ಎರಡನೆಯ ಪ್ರಶ್ನೆ: ಅದು ಲಭ್ಯವಾಗಿತ್ತೇ?

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆ ನಮಗೆ ಪರಿಚಿತ. ಕಾನೂನು ಕಾಕತಾಳೀಯವನ್ನು ಶಿಕ್ಷಿಸುವುದಿಲ್ಲ. ಇಬ್ಬರು ಪರಸ್ಪರ ಅರಿವಿಲ್ಲದೆ ಒಂದೇ ಬಗೆಯ ಧಾಟಿಯನ್ನು ಕಟ್ಟಿದರೆ ಇಬ್ಬರೂ ತಂತಮ್ಮ ಕೃತಿಯ ಒಡೆಯರೇ. ಹಕ್ಕುಸ್ವಾಮ್ಯಕ್ಕೂ ಪೇಟೆಂಟಿಗೂ ಇರುವ ದೊಡ್ಡ ವ್ಯತ್ಯಾಸ ಇದು: ಪೇಟೆಂಟಿನಲ್ಲಿ ಸ್ವತಂತ್ರವಾಗಿ ಕಂಡುಹಿಡಿದೆ ಎಂಬ ವಾದ ನಡೆಯದು, ಹಕ್ಕುಸ್ವಾಮ್ಯದಲ್ಲಿ ನಡೆಯುತ್ತದೆ. ಆದರೆ ಮೊದಲ ಹಾಡು ಮನೆಮನೆಯಲ್ಲಿ ಕೇಳಿಬಂದಿದ್ದರೆ, ನಾನು ಕೇಳಿಯೇ ಇರಲಿಲ್ಲವೆಂಬ ಮಾತನ್ನು ನಂಬಿಸುವುದು ಕಷ್ಟ.

ಕೇಳಿ ಮರೆತಿದ್ದರೆ? ಇದಕ್ಕೆ ಉತ್ತರ ಬೀಟಲ್ಸ್ ತಂಡದ ಖ್ಯಾತಿಯ ಜಾರ್ಜ್ ಹ್ಯಾರಿಸನ್ ಅವರ ಪ್ರಕರಣದಲ್ಲಿದೆ. ಅವರ 1970ರ ‘ಮೈ ಸ್ವೀಟ್ ಲಾರ್ಡ್’ ಹಾಡು, ಶಿಫಾನ್ಸ್ ಎಂಬ ಗಾಯಕಿಯರ ತಂಡದ 1963ರ ‘ಹೀ ಈಸ್ ಸೋ ಫೈನ್’ ಹಾಡನ್ನು ಹೋಲುತ್ತಿತ್ತು. 1976ರಲ್ಲಿ ತೀರ್ಪಿತ್ತ ನ್ಯಾಯಾಧೀಶ ರಿಚರ್ಡ್ ಓವೆನ್ ಸ್ವತಃ ಸಂಗೀತ ರಚನಕಾರರು. ಹ್ಯಾರಿಸನ್ ಉದ್ದೇಶಪೂರ್ವಕವಾಗಿ ಕದ್ದಿಲ್ಲ, ಹಿಂದೆ ಕೇಳಿದ ಹಾಡು ಅವರ ಸುಪ್ತಮನಸ್ಸಿನಲ್ಲಿ ಉಳಿದು ಹೊರಬಂದಿದೆ, ಆದರೂ ಅದು ಉಲ್ಲಂಘನೆಯೇ ಎಂದು ಅವರು ತೀರ್ಮಾನಿಸಿದರು. ಸದುದ್ದೇಶವು ಹೊಣೆಯನ್ನು ಅಳಿಸದು ಎಂಬ ತತ್ವ ಇಲ್ಲಿ ಅನ್ವಯವಾಯಿತು.

ಈ ಪ್ರಕರಣದ ಲೆಕ್ಕವೂ ನಮ್ಮ ಓದುಗರಿಗೆ ಆಸಕ್ತಿಕರ. ಹಾಡಿನ ಯಶಸ್ಸಿನ ಮುಕ್ಕಾಲು ಪಾಲು ಹಳೆಯ ಧಾಟಿಗೆ ಸಲ್ಲಬೇಕೆಂದು ಎಣಿಸಿ, ಅದರಿಂದ ಬಂದ ಗಳಿಕೆಯನ್ನು ನ್ಯಾಯಾಲಯ 15,99,987 ಡಾಲರುಗಳೆಂದು ನಿರ್ಧರಿಸಿತು. ಆದರೆ ಈ ನಡುವೆ, ಹಿಂದೆ ಹ್ಯಾರಿಸನ್ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಲನ್ ಕ್ಲೈನ್ ಅವರ ಸಂಸ್ಥೆಯೇ ಹಳೆಯ ಹಾಡಿನ ಹಕ್ಕನ್ನು 5,87,000 ಡಾಲರಿಗೆ ಕೊಂಡು ವಾದಿಯ ಸ್ಥಾನಕ್ಕೆ ಬಂದಿತ್ತು. ಕಕ್ಷಿದಾರನ ಒಳಗುಟ್ಟು ಬಲ್ಲವನು ಅವನ ವಿರುದ್ಧವೇ ಲಾಭ ಮಾಡಿಕೊಳ್ಳಕೂಡದೆಂದು ಹೇಳಿ, 1981ರಲ್ಲಿ ನ್ಯಾಯಾಲಯವು ಆ ಸಂಸ್ಥೆಗೆ ತಾನು ಕೊಟ್ಟಷ್ಟು ಹಣವನ್ನು ಮಾತ್ರ ಪಡೆಯುವ ಹಕ್ಕಿದೆಯೆಂದು ನಿರ್ಣಯಿಸಿತು. ಏಜೆಂಟರು, ಪಾಲುದಾರರು, ಲೆಕ್ಕಪರಿಶೋಧಕರು ಎಲ್ಲರೂ ನೆನಪಿಡಬೇಕಾದ ಪಾಠವಿದು.

ಎಲ್ಲ ಹೋಲಿಕೆಗಳೂ ಕಟಕಟೆ ಏರಬೇಕಿಲ್ಲ. ಸ್ಯಾಮ್ ಸ್ಮಿತ್ ಅವರ 2014ರ ‘ಸ್ಟೇ ವಿತ್ ಮಿ’ ಹಾಡು ರಾಕ್ ಗಾಯಕ ಟಾಮ್ ಪೆಟ್ಟಿ ಅವರ 1989ರ ಹಾಡನ್ನು ಹೋಲುತ್ತಿದ್ದುದು ಗಮನಕ್ಕೆ ಬಂದಾಗ, ಪೆಟ್ಟಿ ಮತ್ತು ಅವರ ಸಹರಚನಕಾರರ ಹೆಸರನ್ನು ಸೇರಿಸಿ 12.5 ಶೇಕಡಾ ಪಾಲು ನೀಡಿ ವ್ಯವಹಾರ ಮುಗಿಸಲಾಯಿತು. ಇದು ಆಕಸ್ಮಿಕ, ತಮಗೆ ಅಸಮಾಧಾನವಿಲ್ಲ ಎಂದು ಪೆಟ್ಟಿ ಬಹಿರಂಗವಾಗಿ ತಿಳಿಸಿದರು. ವ್ಯಾಪಾರಿಗಳಿಗೆ ಒಪ್ಪುವ ಮಾರ್ಗ ಇದೇ ಅಲ್ಲವೇ?

ಮೂರನೆಯ ಪ್ರಶ್ನೆ: ಎಷ್ಟು, ಮತ್ತು ಎಂಥದು?

ಇಷ್ಟು ಸೆಕೆಂಡುಗಳವರೆಗೆ ತೆಗೆದುಕೊಂಡರೆ ಅಡ್ಡಿಯಿಲ್ಲವೆಂಬ ನಂಬಿಕೆ ನಮ್ಮ ನಡುವೆ ವ್ಯಾಪಕವಾಗಿದೆ. ನಮ್ಮ ಕಾನೂನಿನಲ್ಲಿ ಅಂಥ ಸೆಕೆಂಡುಗಳ ವಿನಾಯಿತಿ ಎಲ್ಲಿಯೂ ಇಲ್ಲ. 2008ರಲ್ಲಿ ‘ಕ್ರೇಜಿ 4’ ಹಿಂದಿ ಚಿತ್ರದ ಹಾಡುಗಳಲ್ಲಿ, ಮೊಬೈಲ್ ಫೋನ್ ಕಂಪನಿಯೊಂದರ ಜಾಹೀರಾತಿಗಾಗಿ ತಾವು ರಚಿಸಿದ್ದ ಕಿರುಧಾಟಿಯನ್ನು ಬಳಸಲಾಗಿದೆಯೆಂದು ರಾಮ್ ಸಂಪತ್ ಅವರು ಬಾಂಬೆ ಹೈಕೋರ್ಟಿಗೆ ಹೋದರು. ವಿವಾದದ ಭಾಗ ಕೆಲವೇ ಸೆಕೆಂಡುಗಳದು. ಆದರೆ ಅದು ಮತ್ತೆ ಮತ್ತೆ ಬರುವ, ಕೇಳುಗನ ನೆನಪಿನಲ್ಲಿ ನಿಲ್ಲುವ ಜೀವಾಳವಾದ್ದರಿಂದ ಪ್ರಮಾಣಕ್ಕಿಂತ ಗುಣ ಮುಖ್ಯವೆಂದು ಪರಿಗಣಿಸಿ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಬಿಡುಗಡೆಯ ದಿನ ಸಮೀಪಿಸಿದ್ದರಿಂದ 2 ಕೋಟಿ ರೂ.ಗಳಿಗೆ ರಾಜಿಯಾಯಿತೆಂದು ವರದಿಯಾಯಿತು. ಜಾಹೀರಾತಿನ ಕಿರುಹಾಡಿಗೂ ಎಂಥ ಬೆಲೆ ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೊಣೆಯ ಪ್ರಮಾಣ ಮಾತ್ರ ತೆಗೆದುಕೊಂಡ ಭಾಗದ ಮಹತ್ವಕ್ಕೆ ತಕ್ಕಂತೆ ಇರುತ್ತದೆ. ಆಸ್ಟ್ರೇಲಿಯಾದ ‘ಮೆನ್ ಅಟ್ ವರ್ಕ್’ ರಾಕ್ ತಂಡದ 1981ರ ‘ಡೌನ್ ಅಂಡರ್’ ಹಾಡಿನ ಕೊಳಲಿನ ತುಣುಕೊಂದು, ಮೇರಿಯನ್ ಸಿಂಕ್ಲೇರ್ ಎಂಬ ಶಿಕ್ಷಕಿ 1930ರ ದಶಕದಲ್ಲಿ ಬರೆದ ‘ಕೂಕಬರಾ’ ಎಂಬ ಮಕ್ಕಳ ಹಾಡಿನಿಂದ ಬಂದದ್ದೆಂಬುದು ದಶಕಗಳ ಕಾಲ ವಿವಾದವಾಗಿರಲಿಲ್ಲ. 2007ರಲ್ಲಿ ದೂರದರ್ಶನದ ಸಂಗೀತ ರಸಪ್ರಶ್ನೆಯೊಂದರಲ್ಲಿ ಆ ಪ್ರಶ್ನೆ ಬಂದ ನಂತರ, ಮಕ್ಕಳ ಹಾಡಿನ ಹಕ್ಕನ್ನು ಹಿಂದೆಯೇ ಕೊಂಡಿದ್ದ ಲ್ಯಾರಿಕಿನ್ ಸಂಸ್ಥೆ ದಾವೆ ಹೂಡಿತು. ಸಂಸ್ಥೆ ಕೇಳಿದ್ದು ಆದಾಯದ 40ರಿಂದ 60 ಶೇಕಡಾ. 2010ರಲ್ಲಿ ನ್ಯಾಯಾಲಯ ಕೊಟ್ಟದ್ದು 5 ಶೇಕಡಾ, ಅದೂ 2002ರಿಂದ ಈಚಿನ ಆದಾಯದಲ್ಲಿ. ಹಳೆಯ ಹೊಣೆಯೊಂದು ಎಷ್ಟು ವರ್ಷಗಳ ನಂತರ ಎದ್ದು ಬರಬಹುದೆಂಬುದೂ ಇಲ್ಲಿ ಸ್ಪಷ್ಟ.

ಪ್ರಭಾವ ಮತ್ತು ನಕಲಿನ ಗೆರೆ ಅಳಿಸಿಹೋಗುವ ಅಪಾಯವೂ ಇಲ್ಲದಿಲ್ಲ. 2013ರ ‘ಬ್ಲರ್ಡ್ ಲೈನ್ಸ್’ ಹಾಡು ಮಾರ್ವಿನ್ ಗೇ ಅವರ 1977ರ ಹಾಡಿನ ಉಲ್ಲಂಘನೆಯೆಂದು 2015ರಲ್ಲಿ ಅಮೆರಿಕದ ಪಂಚರು ಸುಮಾರು 74 ಲಕ್ಷ ಡಾಲರುಗಳ ಹೊಣೆ ಹೊರಿಸಿದರು. ನ್ಯಾಯಾಧೀಶರು ಅದನ್ನು ಸುಮಾರು 53 ಲಕ್ಷಕ್ಕೆ ಇಳಿಸಿದರು. ಒಂದು ಕಾಲದ ಸಂಗೀತದ ಸೊಗಡನ್ನು ಅನುಸರಿಸಿದ್ದಕ್ಕೇ ದಂಡವಾಯಿತೆಂದು ಅನೇಕ ಸಂಗೀತಗಾರರು ಕಳವಳಪಟ್ಟರು. ಆ ಕಳವಳದಲ್ಲಿ ಹುರುಳಿದೆ ಎಂದು ಈ ಲೇಖಕನ ಅಭಿಪ್ರಾಯ. ಸೊಗಡು, ಲಯದ ಗತಿ, ವಾದ್ಯಗಳ ಮೇಳ ಇವು ಮಾರುಕಟ್ಟೆಯ ಸಾಮಾನ್ಯ ಪದಾರ್ಥಗಳು. ಅವುಗಳಿಗೂ ಬೇಲಿ ಹಾಕಿದರೆ ಹೊಸಬರಿಗೆ ಅಂಗಡಿ ತೆರೆಯಲು ಜಾಗವೇ ಉಳಿಯದು.

ತಾನೇ ಕಟ್ಟಿದ ಹಾಡು, ತನ್ನ ಮೇಲೆಯೇ ದಾವೆ

ಅಮೆರಿಕದ ರಾಕ್ ಗಾಯಕ ಜಾನ್ ಫಾಗರ್ಟಿ ತಮ್ಮ ಹಳೆಯ ತಂಡದ ಹಾಡುಗಳ ಹಕ್ಕನ್ನು ಫ್ಯಾಂಟಸಿ ಎಂಬ ಕಂಪನಿಗೆ ಬಿಟ್ಟುಕೊಟ್ಟಿದ್ದರು. 1985ರಲ್ಲಿ ಅವರು ಹೊರತಂದ ಹೊಸ ಹಾಡು ಅವರದೇ 1970ರ ಹಾಡಿನ ನಕಲು ಎಂದು ಕಂಪನಿ ದಾವೆ ಹೂಡಿತು. 1988ರಲ್ಲಿ ಸಾಕ್ಷಿಕಟ್ಟೆಯಲ್ಲಿ ಗಿಟಾರ್ ನುಡಿಸಿ, ಇದು ತಮ್ಮ ಶೈಲಿಯೇ ಹೊರತು ಹಳೆಯ ಹಾಡಲ್ಲವೆಂದು ಫಾಗರ್ಟಿ ತೋರಿಸಿಕೊಟ್ಟು ಗೆದ್ದರು. ವಕೀಲರ ವೆಚ್ಚವನ್ನು ಗೆದ್ದ ಪ್ರತಿವಾದಿಗೂ ವಾದಿಗೆ ಅನ್ವಯಿಸುವ ಮಾನದಂಡದಲ್ಲಿಯೇ ಕೊಡಿಸಬೇಕೆಂದು 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಕೊನೆಗೆ 10 ಲಕ್ಷ ಡಾಲರಿಗೂ ಮಿಕ್ಕಿದ ವೆಚ್ಚ ಅವರಿಗೆ ಮರಳಿತು. ಶೈಲಿ ವ್ಯಕ್ತಿಯೊಂದಿಗೆ ಉಳಿಯುತ್ತದೆ, ಕೃತಿ ಕೊಂಡವನೊಂದಿಗೆ ಹೋಗುತ್ತದೆ. ಬ್ರಾಂಡಿನ ಹೆಸರು ಸಹಿತ ವ್ಯಾಪಾರವನ್ನು ಮಾರಿ, ಮತ್ತೆ ಅದೇ ಬೀದಿಯಲ್ಲಿ ಅದೇ ಬಗೆಯ ಸರಕಿನ ವ್ಯಾಪಾರ ತೆರೆಯುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಭಾರತದ ಕಾನೂನಿನ ಸ್ವರೂಪ

ನಮ್ಮಲ್ಲಿ ಅನ್ವಯವಾಗುವುದು 1957ರ ಹಕ್ಕುಸ್ವಾಮ್ಯ ಅಧಿನಿಯಮ. ಆಶಯಕ್ಕೆ ಹಕ್ಕುಸ್ವಾಮ್ಯವಿಲ್ಲ, ಅಭಿವ್ಯಕ್ತಿಗೆ ಮಾತ್ರ ಇದೆ ಎಂಬ ತತ್ವವನ್ನು ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ವಿಶದಪಡಿಸಿತು. ‘ಹಮ್ ಹಿಂದೂಸ್ತಾನಿ’ ನಾಟಕ ಮತ್ತು ‘ನ್ಯೂ ಡೆಲ್ಲಿ’ ಚಲನಚಿತ್ರ ಎರಡರಲ್ಲಿಯೂ ಪ್ರಾಂತೀಯ ಭಾವನೆಯ ವಸ್ತು ಸಮಾನವಾಗಿದ್ದರೂ ಉಲ್ಲಂಘನೆ ಇಲ್ಲವೆಂದು ತೀರ್ಪಾಯಿತು. ಎರಡನ್ನೂ ನೋಡಿದ ಸಾಮಾನ್ಯ ವ್ಯಕ್ತಿಗೆ ಎರಡನೆಯದು ಮೊದಲನೆಯದರ ನಕಲೆಂಬ ನಿಸ್ಸಂದಿಗ್ಧ ಭಾವನೆ ಬರುತ್ತದೆಯೇ ಎಂಬುದೇ ಒರೆಗಲ್ಲು. ಸಾಮಾನ್ಯ ಕೇಳುಗನ ಕಿವಿಗೆ ಇರುವ ಸ್ಥಾನ ಇಷ್ಟೇ. ಆದರೆ ಈ ಸ್ಥಾನ ಸಣ್ಣದಲ್ಲ.

ಇತರ ಮುಖ್ಯ ಅಂಶಗಳನ್ನು ಸಂಕ್ಷೇಪವಾಗಿ ನೀಡಲಾಗಿದೆ:

1. ಸಂಗೀತ ಕೃತಿಯ ಹಕ್ಕು ರಚನಕಾರನ ಜೀವಿತಾವಧಿ ಹಾಗೂ ಆತನ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯಿಂದ 60 ವರ್ಷ. ನೋಂದಣಿ ಕಡ್ಡಾಯವಲ್ಲ.

2. ಉಲ್ಲಂಘನೆಯಾದಲ್ಲಿ 55ನೆಯ ಕಲಮಿನಂತೆ ತಡೆಯಾಜ್ಞೆ, ನಷ್ಟಪರಿಹಾರ, ಲಾಭದ ಲೆಕ್ಕ ಕೇಳಬಹುದು. ಹಕ್ಕುಸ್ವಾಮ್ಯ ಇದೆಯೆಂಬ ಅರಿವು ಇರಲಿಲ್ಲ, ಅರಿಯಲು ಕಾರಣವೂ ಇರಲಿಲ್ಲವೆಂದು ಪ್ರತಿವಾದಿ ರುಜುವಾತುಪಡಿಸಿದರೆ ನಷ್ಟಪರಿಹಾರ ತಪ್ಪಬಹುದು. ತಡೆಯಾಜ್ಞೆ ಮತ್ತು ಲಾಭದ ಪಾಲು ತಪ್ಪದು.

3. ತಿಳಿದು ಮಾಡಿದ ಉಲ್ಲಂಘನೆಗೆ 63ನೆಯ ಕಲಮಿನಂತೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂ.ಗಳವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡದಿದ್ದಲ್ಲಿ ಶಿಕ್ಷೆ ಕಡಿಮೆ ಮಾಡುವ ಅವಕಾಶವಿದೆ. ವ್ಯಾಪಾರಿಗೆ ಈ ರಿಯಾಯಿತಿ ಸಿಗುವುದು ಕಷ್ಟವೆಂದು ಬೇರೆ ಹೇಳಬೇಕಿಲ್ಲ. ಈ ಅಪರಾಧವು ಸಂಜ್ಞೇಯ ಹಾಗೂ ಜಾಮೀನುರಹಿತವೆಂದು ಸುಪ್ರೀಂ ಕೋರ್ಟು 2022ರ ಮೇ 20ರ ತೀರ್ಪಿನಲ್ಲಿ ಹೇಳಿದೆ.

4. ಹಕ್ಕುದಾರನು ತಾನು ವಾಸಿಸುವ ಅಥವಾ ವ್ಯಾಪಾರ ನಡೆಸುವ ಊರಿನ ನ್ಯಾಯಾಲಯದಲ್ಲಿ ದಾವೆ ಹೂಡಲು 62ನೆಯ ಕಲಂ ಅವಕಾಶ ನೀಡುತ್ತದೆ. ಇದಕ್ಕೆ ನ್ಯಾಯಾಲಯಗಳು ಕೆಲವು ಮಿತಿಗಳನ್ನು ಹಾಕಿವೆ. ಕಲಬುರಗಿಯ ವ್ಯಾಪಾರಿ ಮುಂಬಯಿಯಲ್ಲೋ ಚೆನ್ನೈಯಲ್ಲೋ ಉತ್ತರ ಕೊಡಬೇಕಾದೀತು.

5. ಹಣ ಕೊಟ್ಟು ಮಾಡಿಸಿದ ಮಾತ್ರಕ್ಕೆ ಧಾಟಿಯ ಹಕ್ಕು ಸಾಮಾನ್ಯವಾಗಿ ಮಾಡಿಸಿದವನದಾಗುವುದಿಲ್ಲ. 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ವರ್ಗಾಯಿಸುವವನ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷಗಳೆಂದೂ ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ.

ಸದಸ್ಯರು ವಹಿಸಬೇಕಾದ ಎಚ್ಚರಿಕೆ

ಜಾಹೀರಾತಿನ ಹಾಡು ಮಾಡಿಸುವಾಗ ಸಾಮಾನ್ಯವಾಗಿ ಹೇಳುವ ಮಾತು, ಇಂಥ ಸಿನಿಮಾ ಹಾಡಿನ ಹಾಗೆಯೇ ಇರಲಿ ಎಂಬುದು. ಆ ಮಾತು ವಾಟ್ಸ್‌ಆ್ಯಪ್ ಸಂದೇಶದಲ್ಲಿದ್ದರೆ ನಾಳೆ ಅದೇ ಪ್ರತಿಕೂಲ ಸಾಕ್ಷ್ಯ. ಕಾಕತಾಳೀಯವೆಂಬ ವಾದಕ್ಕೆ ಆಗ ಎಡೆಯೇ ಉಳಿಯದು. ಆದ್ದರಿಂದ ಹಾಡಿನ ಮಾದರಿಯ ಬದಲು ಉಲ್ಲಾಸದ ಗತಿ, ಡೊಳ್ಳಿನ ಹಿನ್ನೆಲೆ, ಮಹಿಳಾ ಧ್ವನಿ ಎಂಬಂಥ ಸಾಮಾನ್ಯ ಗುಣಗಳನ್ನು ತಿಳಿಸುವುದು ಲೇಸು.

ಸ್ಟುಡಿಯೋದವರಿಂದ ಬಿಲ್ಲಿನ ಜೊತೆಗೆ ಒಂದು ಪುಟದ ಕರಾರು ಪಡೆಯಬೇಕು. ರಚನೆ ಸ್ವಂತದ್ದೆಂಬ ಭರವಸೆ, ಹಕ್ಕಿನ ವರ್ಗಾವಣೆ, ಅವಧಿ, ಬಳಸುವ ಮಾಧ್ಯಮಗಳು, ಆಕ್ಷೇಪ ಬಂದಲ್ಲಿ ನಷ್ಟ ತುಂಬಿಕೊಡುವ ಹೊಣೆ ಇವು ಅದರಲ್ಲಿರಲಿ. ರಚನೆಯ ಕರಡುಗಳು, ಮೊದಲ ಧ್ವನಿಮುದ್ರಿಕೆಗಳು, ದಿನಾಂಕ ಸಹಿತ ಕಡತಗಳನ್ನು ಕಾಯ್ದಿರಿಸುವಂತೆ ಅವರಿಗೆ ಹೇಳಬೇಕು. ಸ್ವತಂತ್ರ ರಚನೆ ಎಂಬುದನ್ನು ತೋರಿಸಲು ಇವೇ ಆಧಾರ. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಹಾಡು ಸಿದ್ಧಪಡಿಸಿದ್ದರೂ ಅದನ್ನು ಬಿತ್ತರಿಸುವವರು ತಾವೇ ಎಂಬುದನ್ನು ಮರೆಯಲಾಗದು. ಯಾವ ಸೂಚನೆ ಕೊಟ್ಟು ಪಡೆದದ್ದು ಎಂಬ ದಾಖಲೆ ಅಲ್ಲಿಯೂ ಅಗತ್ಯ.

ಲೆಕ್ಕಪತ್ರದ ವಿಷಯದಲ್ಲಿ ಎರಡು ಮಾತು. ಆಕ್ಷೇಪದ ನೋಟೀಸು ಬಂದಿದ್ದಲ್ಲಿ ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರಿಗೆ ಅದನ್ನು ತಿಳಿಸಬೇಕು. ಲೆಕ್ಕಪತ್ರ ಮಾನಕ 29ರಂತೆ, ಹಣ ಕೊಡಬೇಕಾಗುವ ಸಂಭವ ಹೆಚ್ಚಿದ್ದು ಮೊತ್ತವನ್ನು ಅಂದಾಜು ಮಾಡಬಹುದಾದರೆ ಅವಕಾಶ ಕಲ್ಪಿಸಬೇಕು; ಸಾಧ್ಯತೆ ಮಾತ್ರ ಇದ್ದರೆ ಟಿಪ್ಪಣಿಯಲ್ಲಿ ಸಂಭಾವ್ಯ ಹೊಣೆಯೆಂದು ತೋರಿಸಬೇಕು; ಸಾಧ್ಯತೆ ತೀರ ದೂರದ್ದಾದರೆ ಎರಡೂ ಬೇಕಿಲ್ಲ. ಅಪರಾಧಕ್ಕೆ ಕಟ್ಟಿದ ದಂಡವನ್ನು ವ್ಯಾಪಾರದ ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ.

ನೋಟೀಸು ಬಂದಾಕ್ಷಣ ಗಾಬರಿಯಾಗುವುದೂ ಬೇಡ, ಉಪೇಕ್ಷೆಯೂ ಬೇಡ. ಮೇಲಿನ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ಹೋಲುವ ಭಾಗ ರಾಗ, ತಾಳ, ಜನಪದದ ಸಾಮಾನ್ಯ ಸೊತ್ತಾದರೆ ಧೈರ್ಯವಾಗಿ ಉತ್ತರಿಸಬಹುದು. ಆಧಾರರಹಿತ ಬೆದರಿಕೆಯ ವಿರುದ್ಧ 60ನೆಯ ಕಲಮಿನಲ್ಲಿ ಪರಿಹಾರವೂ ಉಂಟು. ಹೋಲುವ ಭಾಗ ಎದುರಾಳಿಯ ಸ್ವಂತ ರಚನೆಯಾಗಿದ್ದು, ಅದು ಎಲ್ಲರ ಕಿವಿಗೆ ಬಿದ್ದದ್ದಾಗಿದ್ದು, ಹಾಡಿನ ಜೀವಾಳವೂ ಆಗಿದ್ದರೆ ಪ್ರಸಾರವನ್ನು ಒಡನೆ ನಿಲ್ಲಿಸಿ ಮಾತುಕತೆಗೆ ಮುಂದಾಗುವುದೇ ವಿವೇಕ. ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರ ಸಲಹೆ ಅವಶ್ಯಕ.

ಪ್ರಭಾವವಿಲ್ಲದೆ ಸಂಗೀತವಿಲ್ಲ, ವ್ಯಾಪಾರವೂ ಇಲ್ಲ. ಹಿರಿಯರ ಅಂಗಡಿಯಲ್ಲಿ ದುಡಿದು ಕಲಿತವನು ತನ್ನ ಅಂಗಡಿಯಲ್ಲಿ ಅದೇ ಕ್ರಮವನ್ನು ಅನುಸರಿಸುವುದು ಲೋಕರೂಢಿ. ಅವರ ಹೆಸರಿನ ಹಲಗೆಯನ್ನು ತಂದು ತನ್ನ ಬಾಗಿಲಿಗೆ ಹಾಕಿಕೊಳ್ಳುವಂತಿಲ್ಲ. ಕಲಿತದ್ದು ಯಾವುದು, ತಂದದ್ದು ಯಾವುದು ಎಂಬುದನ್ನು ದಾಖಲೆ ಸಹಿತ ಹೇಳಬಲ್ಲವನಿಗೆ ಹೋಲಿಕೆಯ ಭಯವಿರುವುದಿಲ್ಲ.